ಒಳಗೆ ತೇವ ಕಂಡುಬಂದಿದೆ

ನಾನು ಬೆವರಿದ್ದಕ್ಕೆ ಹೋದ ವಾರ ಒಂದು ಸೂಟು ಫೇಲಾಯಿತು.

ಸೂಟು ಅಂದರೆ ರಿಸೆಪ್ಷನ್ನಿಗೆ ಹಾಕುವ ಕೋಟು-ಪ್ಯಾಂಟಲ್ಲ. ಕೆನಡಾ, ಫಿನ್‌ಲೆಂಡ್, ಅಮೆರಿಕದ ಮಿನ್ನೆಸೋಟಾದಂಥ ಕಡೆ ಚಳಿಗಾಲಕ್ಕೆ ಕೆರೆಗಳು ಹೆಪ್ಪುಗಟ್ಟುತ್ತವೆ. ಜನ ಅದರ ಮೇಲೆ ನಡೆಯುತ್ತಾರೆ, ತೂತು ಕೊರೆದು ಮೀನು ಹಿಡಿಯುತ್ತಾರೆ, ಕೆಲವರು ಗಾಡಿಯನ್ನೂ ಓಡಿಸುತ್ತಾರೆ. ಎಲ್ಲೋ ಒಂದು ಕಡೆ ಐಸು ಲಟಕ್ಕನೆ ಒಡೆದು ಒಳಕ್ಕೆ ಹೋಗುತ್ತಾರೆ. ಹಾಗೆ ಹೋದವರನ್ನು ಎಳೆದು ತರುವ ಸಿಬ್ಬಂದಿ ತೊಡುವ ಸೂಟು ಇದು. ಅದರ ಸ್ಯಾಂಪಲ್ ಹೊಲಿದದ್ದು ತುಮಕೂರಿನ ಪಕ್ಕದ ವಸಂತನರಸಾಪುರದಲ್ಲಿ. ತೊಟ್ಟು ನೋಡಿದ್ದೂ ಅಲ್ಲೇ, ಏಪ್ರಿಲ್ ತಿಂಗಳಲ್ಲಿ, ಮಧ್ಯಾಹ್ನ ಮುದ್ದೆ ಉಂಡ ಮೇಲೆ. ಫಾರಂನಲ್ಲಿ ನಮ್ಮ ಸೂಪರ್‌ವೈಸರಣ್ಣ ದುಂಡಗೆ ಬರೆದಿದ್ದಾರೆ: 'ಒಳಗೆ ತೇವ ಕಂಡುಬಂದಿದೆ.' ತೊಟ್ಟವರ ಸಹಿ ಎಂಬಲ್ಲಿ ನನ್ನ ಸಹಿ.

ಹೊರಗೆ 36 ಡಿಗ್ರಿ ಬಿಸಿಲಿರುವಾಗ ಗಾಳಿಯೂ ಆಡದ ಸೂಟಿನೊಳಕ್ಕೆ ಮನುಷ್ಯನನ್ನು ತುಂಬಿ ಜಿಪ್ ಎಳೆದರೆ ತೇವ ಕಾಣದೆ ಇನ್ನೇನು, ವಿಭೂತಿ ಕಾಣುತ್ತದೆಯೇ?

ನಾನು ಕ್ವಾಲಿಟಿ ವಿಭಾಗದವನು. ಹೊಲಿಗೆ ನೋಡುವುದು, ದಾರ ಕತ್ತರಿಸದೆ ಬಿಟ್ಟವರ ಮೇಲೆ ರೇಗುವುದು, ಇಷ್ಟೇ ನನ್ನ ಕೆಲಸ. ಆದರೆ ಬಯ್ಯರ್ ಕಳಿಸಿದ ಅಳತೆ ಪಟ್ಟಿ ಬಂದ ದಿನ ಟೇಪು ಹಿಡಿದು ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಕಟಿಂಗ್‌ನವರಿಗೆ ಭುಜ ಸಾಲದು, ಸ್ಟೋರಿನವರಿಗೆ ಹೊಟ್ಟೆ ಹೆಚ್ಚು, ಎಲೆಕ್ಟ್ರಿಷಿಯನ್ ಹುಡುಗನಿಗೆ ಎದೆಯೇ ಇಲ್ಲ. ಎದೆ, ಸೊಂಟ, ತೋಳು, ಕಾಲು ನಾಲ್ಕೂ ಕೂಡಿ ಅಚ್ಚುಕಟ್ಟಾಗಿ 'ಮೀಡಿಯಂ' ಎನಿಸಿಕೊಂಡವನು ಇಡೀ ಫ್ಯಾಕ್ಟರಿಯಲ್ಲಿ ನಾನೊಬ್ಬನೇ. ಅವತ್ತು ಎಲ್ಲರೂ ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದರೆಂದು ಈಗ ಗೊತ್ತಾಗಿದೆ.

ಸೂಟಿನ ಬಗ್ಗೆ ಅಗೌರವ ಇಲ್ಲ. ಕಿತ್ತಳೆ ಬಣ್ಣದ ಒಂದೇ ತುಂಡು: ಬೂಟು ಅದಕ್ಕೇ ಅಂಟಿಕೊಂಡಿದೆ, ಕೈಗವಸು ಅದಕ್ಕೇ ಸೇರಿದೆ, ತಲೆಗೆ ಟೊಪ್ಪಿಗೆಯೂ ಅದರದ್ದೇ. ಹೊರಗೆ ನೀರು ಬಿಡದ ಲೇಪ ಹಾಕಿದ ನೈಲಾನ್, ಒಳಗೆ ಫೋಮು. ಎದೆಯ ಮೇಲೆ ಅಡ್ಡಡ್ಡಲಾಗಿ ಒಂದು ದಪ್ಪ ಜಿಪ್ಪು. ಅದಕ್ಕೆ ಆಗಾಗ ಮೇಣ ತಿಕ್ಕದಿದ್ದರೆ ಮುನಿಸಿಕೊಂಡು ನಿಲ್ಲುತ್ತದೆ. ತೋಳಿನ ಮೇಲಿನ ಜೇಬಿನಲ್ಲಿ ಮರದ ಹಿಡಿಯ ಎರಡು ಮೊಳೆಗಳು. ಐಸಿಗೆ ಚುಚ್ಚಿಕೊಂಡು ತೆವಳುತ್ತಾ ಮೇಲೆ ಬರಲಿಕ್ಕೆ ಅವು. ತಣ್ಣನೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಕಾವು ಎಳೆದುಕೊಳ್ಳುತ್ತದೆ. ಕೆನಡಾದ ಮಾನಿಟೋಬಾ ವಿಶ್ವವಿದ್ಯಾಲಯದಲ್ಲಿ ದುಡಿದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ಇದ್ದಾರೆ. ಐಸು ನೀರಿಗೆ ತಾವೇ ಇಳಿದಿಳಿದು ಪ್ರಯೋಗ ಮಾಡಿದವರು. ಅವರು ಹೇಳುವ ಲೆಕ್ಕ 1-10-1. ಬಿದ್ದವನಿಗೆ ಏದುಸಿರು ಹತೋಟಿಗೆ ತಂದುಕೊಳ್ಳಲು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪುವ ಮುಂಚೆ ಇರುವುದು 1 ಗಂಟೆ. ಅಷ್ಟರೊಳಗೆ ಯಾರೋ ಈ ಸೂಟು ತೊಟ್ಟು ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಬೇಕು. ನಡೆದು ಹೋದರೆ ಭಾರವೆಲ್ಲ ಎರಡು ಪಾದದ ಮೇಲೆ ಬಿದ್ದು ಅವನೂ ಒಳಗೇ.

ನಿಜವಾದ ಚಳಿಯ ಪರೀಕ್ಷೆ ನಡೆಯುವುದು ವಿದೇಶದ ಲ್ಯಾಬಿನಲ್ಲಿ. ಹಡಗಿನಲ್ಲಿ ಇಡುವ ಇಂಥದೇ ಸೂಟುಗಳಿಗೆ ಅಂತರರಾಷ್ಟ್ರೀಯ ನಿಯಮವಿದೆ: 0ಯಿಂದ 2 ಡಿಗ್ರಿ ನೀರಿನಲ್ಲಿ 6 ಗಂಟೆ ಇದ್ದರೂ ತೊಟ್ಟವನ ಮೈಯ ಒಳತಾಪ 2 ಡಿಗ್ರಿಗಿಂತ ಹೆಚ್ಚು ಇಳಿಯಬಾರದು. ಎಷ್ಟು ಏರಬಹುದು ಎಂದು ಮಾತ್ರ ಯಾರೂ ಬರೆದಿಲ್ಲ. ಬರೆದವರು ತುಮಕೂರು ನೋಡಿರಲಿಕ್ಕಿಲ್ಲ. ಅದೇ ನಿಯಮದ ಪ್ರಕಾರ ಇನ್ನೊಬ್ಬರ ಸಹಾಯವಿಲ್ಲದೆ 2 ನಿಮಿಷದೊಳಗೆ ತೊಟ್ಟುಕೊಳ್ಳಲು ಬರಬೇಕು. ಬಿಚ್ಚಲು ಯಾವ ಗಡುವೂ ಇಲ್ಲ. ನಮ್ಮ ಕಷ್ಟವೆಲ್ಲ ಇರುವುದು ಅಲ್ಲೇ.

ಈಗ ಸೂಪರ್‌ವೈಸರಣ್ಣನ ವಿಷಯಕ್ಕೆ ಬರುತ್ತೇನೆ. ಮನುಷ್ಯ ಕೆಟ್ಟವರಲ್ಲ. ಫಾರಂ ಕಂಡರೆ ಭಕ್ತಿ, ಅಷ್ಟೇ. ಕಿವಿಯ ಮೇಲೆ ಪೆನ್ನು, ಕಂಕುಳಲ್ಲಿ ರಟ್ಟು. ಬಯ್ಯರ್ ಕಳಿಸಿದ ಫಾರಂನಲ್ಲಿ ತೊಟ್ಟವನಿಗೆ ಹೇಗೆನಿಸುತ್ತದೆ ಎಂದು ಐದೈದು ನಿಮಿಷಕ್ಕೊಮ್ಮೆ ಕೇಳಿ ಬರೆಯಬೇಕು. ಅದಕ್ಕೆ ಏಳು ಮೆಟ್ಟಿಲ ಅಳತೆ: ಮೈನಸ್ 3 ಎಂದರೆ ಚಳಿ, ಸೊನ್ನೆ ಎಂದರೆ ಹಿತ, ಪ್ಲಸ್ 3 ಎಂದರೆ ಸೆಕೆ. ನನ್ನ ಮುಖ ನೋಡಿದರೆ ಹಾದಿಯಲ್ಲಿ ಹೋಗುವ ಹಸುವೂ ಪ್ಲಸ್ 3 ಎಂದು ಬರೆಯುತ್ತಿತ್ತು. ಅಣ್ಣ ಹಾಗೆಲ್ಲ ಬರೆಯುವವರಲ್ಲ. ಕೇಳಿಯೇ ಬರೆಯಬೇಕು.

"ಬೆಚ್ಚಗೈತಾ ಸಾರ್?"

ಕಿವಿಯ ಮೇಲೆ ಅರ್ಧ ಇಂಚು ಫೋಮು. ಅವರ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ನಾನು ಹೇಳಿದ್ದು ಗದ್ದದವರೆಗೆ ಏರಿದ ಕಾಲರಿನಲ್ಲೇ ಸತ್ತುಹೋಗುತ್ತದೆ. ಸರಿ, ಕೈಸನ್ನೆ ಮಾಡೋಣವೆಂದರೆ ಕೈಗವಸಿನಲ್ಲಿ ಬೆರಳಿಗೊಂದು ಮನೆಯಿಲ್ಲ. ಹೆಬ್ಬೆರಳಿಗೆ ಒಂದು, ತೋರುಬೆರಳಿಗೆ ಒಂದು, ಉಳಿದ ಮೂರಕ್ಕೂ ಸೇರಿ ಒಂದು. ಅದರಲ್ಲಿ 'ಸಾಕು ಬಿಚ್ಚಿ' ಎಂದು ಸನ್ನೆ ಮಾಡಿದರೂ, 'ನೀರು ಕೊಡಿ' ಎಂದರೂ, 'ನಿಮ್ಮ ಫಾರಂಗಿಷ್ಟು ಬೆಂಕಿ ಬೀಳ' ಎಂದರೂ ನೋಡುವವರಿಗೆ ಕಾಣುವುದು ಒಂದೇ: ಹೆಬ್ಬೆರಳು ಮೇಲೆತ್ತಿ 'ಸೂಪರ್' ಎಂದದ್ದು. ಅಣ್ಣ ನಕ್ಕು, ತಲೆಯಾಡಿಸಿ, ಬರೆದುಕೊಳ್ಳುತ್ತಾರೆ. ಆಮೇಲೆ ನೋಡಿದೆ. ಮೊದಲನೆಯ ಸಾಲಿನಲ್ಲಿ ಪ್ಲಸ್ 1, 'ಸ್ವಲ್ಪ ಬೆಚ್ಚಗಿದೆ'. ಎರಡನೆಯದರಲ್ಲಿ ಸೊನ್ನೆ, 'ಹಿತವಾಗಿದೆ'. ಆ ಹೊತ್ತಿಗೆ ನನ್ನ ಕಣ್ಣಿಗೆ ಬೆವರಿಳಿದು ಎದುರಿನ ಗೋಡೆಯೇ ಎರಡಾಗಿತ್ತು.

ಇದರ ನಡುವೆ ಪ್ಯಾಂಟಿನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. 'ಎರಡೇ ನಿಮಿಷದ ಕೆಲಸ' ಎಂದು ಹೇಳಿ ತೊಡಿಸಿದ್ದರಲ್ಲ, ಫೋನು ಒಳಗೇ ಉಳಿದಿತ್ತು. ಆ ಹೊತ್ತಿಗೆ ಮಾಡುವವಳು ನಮ್ಮನೆಯವಳೇ. ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ತೊಡೆಯೇ ರಿಂಗಣಿಸುತ್ತಿದೆ, ಎತ್ತುವ ದಾರಿಯಿಲ್ಲ. ಲೈನಿನಲ್ಲಿ ಕೂತ ಹೆಣ್ಣುಮಕ್ಕಳೆಲ್ಲ ಮಿಷನ್ ನಿಲ್ಲಿಸಿ ನೋಡತೊಡಗಿದರು. ಒಬ್ಬ ಅಕ್ಕ ಹತ್ತಿರ ಬಂದು ಕೂಗಿ ಹೇಳಿದಳು: "ಸಾರ್, ನಿಮ್ಮೊಳ್ಗೆ ಯಾರೋ ಕರೀತಾವ್ರೆ!"

ಆಮೇಲೆ ತೊಟ್ಟಿ. ಹಿಂದಿನ ಅಂಗಳದಲ್ಲಿ ದೊಡ್ಡ ತೊಟ್ಟಿಗೆ ಬೋರ್‌ವೆಲ್ ನೀರು ತುಂಬಿಸಿ, ಜ್ಯೂಸ್ ಅಂಗಡಿಗಳಿಗೆ ಕೊಡುವ ಐಸ್ ಬ್ಲಾಕುಗಳನ್ನು ಟೆಂಪೋದಲ್ಲಿ ತರಿಸಿದ್ದರು. ಗೋಣಿತಾಟು ಸುತ್ತಿದ್ದರೂ ಟೌನಿನಿಂದ ಬರುವಷ್ಟರಲ್ಲಿ ಅರ್ಧ ಐಸು ಹೈವೇಗೆ ಹೋಗಿತ್ತು. ನೀರಿಗಿಳಿಯುವ ಮುಂಚೆ ಸೂಟಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಬೇಕು. ಇಲ್ಲದಿದ್ದರೆ ಗಾಳಿಯೆಲ್ಲ ಕಾಲಿಗೆ ಸೇರಿ, ಕಾಲು ಮೇಲೆ ತಲೆ ಕೆಳಗೆ ಆಗುವ ಅಪಾಯ ನಿಜಕ್ಕೂ ಇದೆ. ತೆಗೆಯುವ ಕ್ರಮ ಸುಲಭ: ಕುತ್ತಿಗೆಯ ಹತ್ತಿರ ಬೆರಳಿಟ್ಟು ಸ್ವಲ್ಪ ಬಿಡಿಸಿ, ಕುಕ್ಕರಗಾಲಲ್ಲಿ ಕೂರಬೇಕು. ಗಾಳಿ ಹೊರಗೆ ಬರುತ್ತದೆ. ಸದ್ದಿಲ್ಲದೆ ಬರುವುದಿಲ್ಲ. ದೀರ್ಘವಾಗಿ, ಏರಿಳಿತದೊಂದಿಗೆ, ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರುತ್ತದೆ. ಅಂಗಳದಲ್ಲಿ ಒಂದು ಕ್ಷಣ ಮೌನ. ಆಮೇಲೆ ಸೆಕ್ಯುರಿಟಿಯವರು ಬಹಳ ಕಾಳಜಿಯಿಂದ ಕೇಳಿದರು: "ರಾತ್ರಿ ಹುರುಳಿಕಾಳಾ ಸಾರ್?"

ನಾಲ್ಕು ಜನ ಹಿಡಿದು ಗಣಪತಿ ಬಿಡುವ ಹಾಗೆ ತೊಟ್ಟಿಗೆ ಇಳಿಸಿದರು. ಎಲೆಕ್ಟ್ರಿಷಿಯನ್ ಹುಡುಗ ಜೈಕಾರವನ್ನೂ ಹಾಕಿದ. ಗಣಪನಾದರೆ ಮುಳುಗಿ ಬಿಡುಗಡೆ ಹೊಂದುತ್ತಾನೆ, ನಾನು ಮುಳುಗಲೂ ಇಲ್ಲ. ಬೆನ್ನು ಕೆಳಗೆ, ಹೊಟ್ಟೆ ಮೇಲೆ, ಮುಖಕ್ಕೆ ನೆತ್ತಿಯ ಸೂರ್ಯ. ಪಕ್ಕದಲ್ಲಿ ಐಸು ತೇಲುತ್ತಿದೆ, ಅದರ ತಣ್ಪು ಚೂರೂ ಒಳಗೆ ಬರುತ್ತಿಲ್ಲ. ಸೂಟು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು. ತೊಟ್ಟಿಯ ಅಂಚಿನಲ್ಲಿ ಅಣ್ಣನ ಮುಖ ಮೂಡಿತು.

"ಬೆಚ್ಚಗೈತಾ ಸಾರ್?"

ಹೊರಗೆ ತೆಗೆದು ಜಿಪ್ ಎಳೆದರೆ ಒಳಗೆಲ್ಲ ಒದ್ದೆ. ಬೂಟು ಬಗ್ಗಿಸಿದರೆ ಸುರಿಯುವಷ್ಟು. ಅಣ್ಣನ ಮುಖ ಕಪ್ಪಿಟ್ಟಿತು. "ಲೀಕು" ಎಂದರು. "ಬೆವರು" ಎಂದೆ. "ಇಷ್ಟೊಂದಾ?" ಎಂದು ನನ್ನನ್ನೇ ಅನುಮಾನದಿಂದ ನೋಡಿದರು. ಬೆವರು ಆರುವುದೇ ಆವಿಯಾಗಿ. ಆವಿಗೂ ದಾರಿ ಕೊಡದ ಬಟ್ಟೆಯಲ್ಲಿ ಅದು ಇನ್ನೆಲ್ಲಿಗೆ ಹೋಗಬೇಕು? ಇದನ್ನೆಲ್ಲ ಹೇಳಿದೆ. ಫಾರಂನಲ್ಲಿ ಬೆವರಿಗೆ ಕಾಲಂ ಇಲ್ಲ, ಲೀಕಿಗಿದೆ ಎಂದರು. ಆಗ ಸ್ಟೋರಿನವರು ಪರಿಹಾರ ಕೊಟ್ಟರು: "ನೆಕ್ಕಿ ನೋಡಿ. ಉಪ್ಪಗಿದ್ರೆ ಬೆವರು, ಸಪ್ಪಗಿದ್ರೆ ನೀರು." ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಬೆವರನ್ನು ನಾನೇ ನೆಕ್ಕಬೇಕೆಂದು ತೀರ್ಮಾನವಾಯಿತು. ಬೇರೆಯವರಿಂದ ಮಾಡಿಸುವುದು ಮರ್ಯಾದೆಯೂ ಅಲ್ಲ. ಬೆರಳದ್ದಿ ನಾಲಿಗೆಗಿಟ್ಟೆ. "ಉಪ್ಪು" ಎಂದೆ, ಗೆದ್ದ ದನಿಯಲ್ಲಿ. ಅಣ್ಣ ಒಂದೂ ಮಾತಾಡದೆ ತೊಟ್ಟಿಯ ನೀರನ್ನು ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರು. ಉಗಿದರು. "ಇದೂ ಉಪ್ಪೇ ಸಾರ್."

ನಮ್ಮ ಬೋರ್‌ವೆಲ್ ನೀರು ಕುಡಿದು ಗೊತ್ತಿದ್ದವರು ಯಾರೂ ವಾದ ಮಾಡಲಿಲ್ಲ. ಪೆನ್ನು ಕಿವಿಯಿಂದ ಇಳಿಯಿತು, ಬರೆಯಿತು.

ಲೀಕಿಲ್ಲ ಎಂದು ಸಾಬೀತಾಗಲು ಮಾರನೆಯ ದಿನದವರೆಗೆ ಕಾಯಬೇಕಾಯಿತು. ಸೂಟಿಗೆ ಬ್ಲೋವರಿನಿಂದ ಗಾಳಿ ತುಂಬಿ, ಮುಖದ ಬಾಯಿ ಕಟ್ಟಿ, ಹೊಲಿಗೆಯ ಉದ್ದಕ್ಕೂ ಬ್ರಷ್ಷಿನಲ್ಲಿ ಸೋಪಿನ ನೀರು ಹಚ್ಚಿದರು. ತೂತಿದ್ದರೆ ಅಲ್ಲಿ ಗುಳ್ಳೆ ಏಳುತ್ತದೆ. ಕಟಿಂಗ್ ಟೇಬಲ್ಲಿನ ಮೇಲೆ ಕೈಕಾಲು ಚಾಚಿ ಮಲಗಿದ್ದ ಆ ಸೂಟು ನನಗಿಂತ ಗಟ್ಟಿಮುಟ್ಟಾಗಿ ಕಾಣುತ್ತಿತ್ತು. ಅಂಗುಲ ಅಂಗುಲ ನೋಡಿದರೂ ಒಂದು ಗುಳ್ಳೆಯಿಲ್ಲ. ಸರಿ, ಫಾರಂ ತಿದ್ದಿ ಎಂದೆ. ಪೆನ್ನಿನಲ್ಲಿ ಬರೆದದ್ದನ್ನು ತಿದ್ದಿದರೆ ಬಯ್ಯರ್ ಒಪ್ಪುವುದಿಲ್ಲವಂತೆ. ಹೊಸ ಫಾರಂ ಹಾಕಬೇಕಂತೆ. ಹೊಸ ಫಾರಂ ಎಂದರೆ ಮತ್ತೆ ತೊಡಬೇಕು.

ಸೋಪು ಹಚ್ಚುತ್ತಿದ್ದ ಅಕ್ಕ ಮಧುಗಿರಿ ಕಡೆಯವಳು. ಈ ಸೂಟಿನ ಹೊಲಿಗೆಯ ಮೇಲೆ ನೀರು ಬಿಡದ ಟೇಪು ಒತ್ತುವುದು ಅವಳ ಕೆಲಸ. ಅವಳು ಒತ್ತಿದ ಕಡೆ ಗುಳ್ಳೆ ಎದ್ದದ್ದನ್ನು ನಾನಂತೂ ಕಂಡಿಲ್ಲ. "ಕೆರೆ ಮ್ಯಾಲೇ ಯಾಕ್ ನಡೀತಾರೆ ಸಾರ್ ಅವ್ರು? ಏರಿ ಮ್ಯಾಲೆ ಸುತ್ತಾಕ್ಕೊಂಡು ಹೋಗ್ಬಾರ್ದಾ?" ಎಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬ್ರಷ್ಷು ಆಡಿಸಿ, "ನಮ್ ಕಡೆ ಕೆರೆಗೆ ಬಿದ್ದೋರ್ನ ತೆಗಿಯಾಕೆ ಹೋಗೋರ್ಗೂ ಇಂಥದ್ದು ಐತಾ?" ಎಂದಳು. ಅವರೂರಿನ ಹುಡುಗರು ಹೋಗುವುದು ಚಡ್ಡಿಯಲ್ಲಿ, ಸೊಂಟಕ್ಕೆ ಹಗ್ಗ, ಕಂಕುಳಲ್ಲಿ ಟ್ರ್ಯಾಕ್ಟರ್ ಟ್ಯೂಬು. ಒಂದ್ಸಲ ಹೋದವನೊಬ್ಬ ವಾಪಸು ಬರಲಿಲ್ಲವಂತೆ. ಆ ಮಾತಿಗೂ ನನ್ನಲ್ಲಿ ಉತ್ತರ ಇರಲಿಲ್ಲ. ಅಕ್ಕ ತೋಳಿನ ಹೊಲಿಗೆಗೆ ಹೋದಳು.

ಮತ್ತೆ ತೊಡುವುದಾದರೆ ತಣ್ಣಗಿರುವ ಜಾಗದಲ್ಲಿ ಮಾತ್ರ ಎಂದು ನಾನು ಹಟ ಹಿಡಿದೆ. ತುಮಕೂರಿನಲ್ಲಿ ಅಂಥದ್ದು ಎಲ್ಲಿದೆ? ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ. ಬಣ್ಣ ಕಪ್ಪಗಾಗದಿರಲಿ ಎಂದು ವ್ಯಾಪಾರಿಗಳು ಹಣ್ಣನ್ನು ಅಲ್ಲಿ ತಣ್ಣಗೆ ಮಲಗಿಸಿರುತ್ತಾರೆ. ಅಣ್ಣನಿಗೆ ಅಲ್ಲೊಬ್ಬರ ಪರಿಚಯ. ಮೂಟೆಗಳ ಸಂದಿಯಲ್ಲಿ ಕಿತ್ತಳೆ ಸೂಟು ತೊಟ್ಟು ತೆವಳಿದೆ. ಹೇಳಬಾರದು, ಹಾಯಾಗಿತ್ತು. ಬಾಯಲ್ಲಿ ಸುಮ್ಮಸುಮ್ಮನೆ ನೀರೂರುತ್ತಿತ್ತು, ಅದು ಬಿಟ್ಟರೆ ತೇವವೇ ಇಲ್ಲ. ಅಲ್ಲಿ ಮೂಟೆ ಎತ್ತುವ ಯಜಮಾನರೊಬ್ಬರು ಸಿರಾ ಕಡೆಯ ಕರಿ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೆಲೆ ಎಷ್ಟೆಂದು ಕೇಳಿದರು. ಅಣ್ಣ ಹೇಳಿದರು. "ಆ ದುಡ್ಗೆ ಎಮ್ಮೆ ಬತ್ತದೆ," ಎಂದು ಯಜಮಾನರು ಕಂಬಳಿ ಸರಿಮಾಡಿಕೊಂಡು ಮೂಟೆಗೆ ಕೈ ಹಾಕಿದರು. ಉಣ್ಣೆ ಒದ್ದೆಯಾದರೂ ಕಾವು ಪೂರ್ತಿ ಬಿಟ್ಟುಕೊಡುವುದಿಲ್ಲ. ಅವರಿಗೆ ಅದನ್ನು ಯಾವ ಫಾರಂ ಕೇಳಿ ತಿಳಿದುಕೊಳ್ಳಬೇಕಿಲ್ಲ.

ಹೊಸ ಫಾರಂ ಸಹಿಯಾಯಿತು. ಮೀಡಿಯಂ ಪಾಸು. ಈ ಸೋಮವಾರ ಬಯ್ಯರ್‌ನಿಂದ ಮೇಲ್ ಬಂದಿದೆ: ಎಕ್ಸೆಲ್ ಸೈಜಿನ ಸ್ಯಾಂಪಲ್ಲನ್ನೂ ಇದೇ ರೀತಿ ತೊಟ್ಟು ನೋಡಿ ಕಳಿಸಬೇಕಂತೆ. ಟೇಪು ಮತ್ತೆ ಹೊರಬಿತ್ತು. ಎದೆ, ಸೊಂಟ, ತೋಳು, ಕಾಲು ನಾಲ್ಕೂ ಕೂಡುವವರು ಫ್ಯಾಕ್ಟರಿಯಲ್ಲಿ ಒಬ್ಬರೇ ಇದ್ದಾರೆ. ಕಿವಿಯ ಮೇಲೆ ಪೆನ್ನಿರುತ್ತದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಅವತ್ತಿನಿಂದ ಅಣ್ಣ ರಾತ್ರಿ ಮುದ್ದೆ ಬಿಟ್ಟಿದ್ದಾರೆ, ಬೆಳಗಾಗುವ ಮುಂಚೆ ಎದ್ದು ಅಮಾನಿಕೆರೆಗೆ ಹೋಗಿ ಬಿರಬಿರನೆ ವಾಕಿಂಗ್ ಮಾಡುತ್ತಿದ್ದಾರೆಂದು ಸುದ್ದಿ. ಸ್ಯಾಂಪಲ್ ಬರಲು ಇನ್ನೂ ಎರಡು ವಾರವಿದೆ. ಅಷ್ಟರಲ್ಲಿ ಲಾರ್ಜಿಗೆ ಇಳಿಯಬೇಕೆಂದು ಅವರ ಲೆಕ್ಕ. ಲಾರ್ಜಿನ ಸ್ಯಾಂಪಲ್ಲೂ ಬರುತ್ತಿದೆ ಎಂದು ಅವರಿಗೆ ನಾನಿನ್ನೂ ಹೇಳಿಲ್ಲ.