ಮೇ ಐ ಕಮಿಂಗ್ ಸಾರ್?

ಕ್ಲಾಸಿನ ಬಾಗಿಲಲ್ಲಿ ಚೀಲ ಹೊತ್ತು ನಿಂತ ಹುಡುಗ ಕೂಗುತ್ತಾನೆ: ‘ಮೇ ಐ ಕಮಿಂಗ್ ಸಾರ್?’ ಒಳಗಿಂದ ‘ಯೆಸ್’ ಬರುತ್ತದೆ, ಹುಡುಗ ಒಳಗೆ ಬರುತ್ತಾನೆ. ಹೊರಗೆ ಉಳಿಯುವುದು ವ್ಯಾಕರಣ ಮಾತ್ರ. ‘ಕಮ್ ಇನ್’ ಎಂಬ ಎರಡು ಪದ ಅವಸರದಲ್ಲಿ ‘ಕಮಿನ್’ ಆಗುತ್ತದೆ, ನೋಟ್‌ಬುಕ್ಕಿಗೆ ಇಳಿಯುವಾಗ ‘ಕಮಿಂಗ್’. ಆದರೆ ‘ಮೇ’ ಎಂದ ಮೇಲೆ ಬರುವ ಕ್ರಿಯಾಪದ ಬೋಳುಬೋಳಾಗಿಯೇ ಬರಬೇಕು. ‘ಇಂಗ್’, ‘ಎಸ್’, ‘ಟು’ ಎಲ್ಲವನ್ನೂ ಚಪ್ಪಲಿಯ ಜೊತೆ ಹೊರಗೇ ಬಿಡಬೇಕು.

ಮೇ ಥರ ಕ್ರಿಯಾಪದದ ಮುಂದೆ ನಿಂತು ‘ಬಹುದು’, ‘ಬೇಕು’ ಎಂಬ ಅರ್ಥ ಕೊಡುವ ಸಹಾಯಕ ಪದಗಳಿಗೆ ಮೋಡಲ್ ಎಂದು ಹೆಸರು. ಇಂಗ್ಲಿಷಿನ ಅಸಲಿ ಮೋಡಲ್‌ಗಳು ಒಂಬತ್ತು: ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಲೆಕ್ಕಕ್ಕೆ ನವಗ್ರಹ, ಕಾಟವೂ ಸರಿಸುಮಾರು ಅಷ್ಟೇ. ಗುಡಿಯ ನವಗ್ರಹಗಳು ಒಂದರ ಮುಖ ಇನ್ನೊಂದು ನೋಡದಂತೆ ನಿಂತಿರುತ್ತವಲ್ಲ, ಹಾಗೆಯೇ ಇವುಗಳಲ್ಲಿ ಎರಡನ್ನು ಒಂದೇ ಕ್ರಿಯಾಪದದ ಮುಂದೆ ನಿಲ್ಲಿಸುವಂತಿಲ್ಲ. ‘ಐ ವಿಲ್ ಕ್ಯಾನ್ ಕಮ್’ ನಡೆಯದು. ‘ಐ ವಿಲ್ ಬಿ ಏಬಲ್ ಟು ಕಮ್’ ಎನ್ನಬೇಕು. ಇಷ್ಟು ಕಲಿತವರು ಇಂಟರ್‌ವ್ಯೂನಲ್ಲಿ ಧೈರ್ಯವಾಗಿ ‘ಐ ಕ್ಯಾನ್ ಏಬಲ್ ಟು ಡೂ’ ಎನ್ನುತ್ತಾರೆ. ಕ್ಯಾನ್ ಅಂದರೂ ಆಗುತ್ತದೆ, ಏಬಲ್ ಅಂದರೂ ಆಗುತ್ತದೆ, ಎರಡೂ ಸೇರಿದರೆ ಆಗುವುದಿಲ್ಲ.

‘ಶಿ ಮಸ್ಟ್ ಗೋಸ್’ ಎನ್ನುವವರದು ಇನ್ನೊಂದು ಪಾಡು. ‘ಹಿ, ಶಿ, ಇಟ್ ಬಂದರೆ ಎಸ್ ಹಚ್ಚು’ ಎಂದು ಬಾಯಿಪಾಠ ಮಾಡಿಸಿದ ಫಲ. ಮೋಡಲ್‌ಗೂ ಎಸ್ ಇಲ್ಲ, ಅದರ ನಂತರ ಬರುವ ಕ್ರಿಯಾಪದಕ್ಕೂ ಇಲ್ಲ. ಕಾರಣ ಹಳೆಯದು: ಇವುಗಳಲ್ಲಿ ಹೆಚ್ಚಿನವುಗಳ ವರ್ತಮಾನ ರೂಪ ಹುಟ್ಟಿನಿಂದ ಭೂತಕಾಲದ್ದು, ಭೂತಕ್ಕೆ ಎಸ್ ಹತ್ತುವುದಿಲ್ಲ. ಕನ್ನಡಿಗರಿಗೆ ಇದು ಹೊಸದೇನಲ್ಲ. ನಾನು ಹೋಗಬೇಕು, ಅವಳು ಹೋಗಬೇಕು, ಎಮ್ಮೆಯೂ ಹೋಗಬೇಕು. ನಮ್ಮ ‘ಬೇಕು’ ಯಾರ ಮುಖ ನೋಡಿಯೂ ರೂಪ ಬದಲಿಸುವುದಿಲ್ಲ.

ಆದರೆ ಇದೇ ‘ಬೇಕು’ ಆಫೀಸಿನಲ್ಲಿ ಮಾನ ಕಳೆಯುತ್ತದೆ. ಕನ್ನಡದ ರಜಾ ಅರ್ಜಿ ‘ಎರಡು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ’ ಎಂದು ಮುಗಿಯುತ್ತದೆ. ಎಷ್ಟು ವಿನಯ! ಅದನ್ನೇ ಪದಕ್ಕೆ ಪದ ಇಳಿಸಿ ‘ಯು ಮಸ್ಟ್ ಗ್ರಾಂಟ್ ಮಿ ಲೀವ್’ ಎಂದು ಮೇಲ್ ಕಳಿಸಿದರೆ, ಮ್ಯಾನೇಜರಿಗೆ ಅದು ಕೋರ್ಟ್ ನೋಟಿಸಿನಂತೆ ಕಾಣುತ್ತದೆ. ಬೇಡುವವರು ಬಳಸಬೇಕಾದ ಪದ ‘ಕುಡ್’: ‘ಕುಡ್ ಯು ಪ್ಲೀಸ್ ಅಪ್ರೂವ್…’. ಹಾಗೆಂದು ಮಸ್ಟ್ ಯಾವಾಗಲೂ ಒರಟಲ್ಲ. ಲಾಭ ಕೇಳಿಸಿಕೊಳ್ಳುವವರದಾದರೆ ಅದೇ ಉಪಚಾರ. ‘ಯು ಮಸ್ಟ್ ಟೇಸ್ಟ್ ದಿಸ್ ಹೋಳಿಗೆ’ ಎಂದರೆ ಯಾರೂ ಮುನಿಯುವುದಿಲ್ಲ, ಇನ್ನೊಂದು ಹಾಕಿಸಿಕೊಳ್ಳುತ್ತಾರೆ.

ನಿಜವಾದ ಗುಂಡಿ ಇರುವುದು ‘ಇಲ್ಲ’ ಸೇರಿದಾಗ. ‘ನಾಳೆ ನೀವು ಬರಬೇಕಾಗಿಲ್ಲ’ ಎಂಬುದನ್ನು ‘ಯು ಮಸ್ಟ್ ನಾಟ್ ಕಮ್ ಟುಮಾರೋ’ ಎಂದರೆ ಅದು ‘ಬರಕೂಡದು’ ಆಗುತ್ತದೆ. ತೊಂದರೆ ತೆಗೆದುಕೊಳ್ಳಬೇಡಿ ಎಂದು ಹೇಳಹೊರಟವರು ಗೇಟಿಗೆ ಬೀಗ ಹಾಕಿದಂತೆ. ಬೇಕಾಗಿಲ್ಲಕ್ಕೆ ‘ಡೋಂಟ್ ಹ್ಯಾವ್ ಟು’, ಬಾರದು-ಕೂಡದುಗಳಿಗೆ ‘ಮಸ್ಟ್ ನಾಟ್’.

ನಿನ್ನೆಯ ವಿಷಯಕ್ಕೆ ಬಂದರೆ ಕನ್ನಡವೇ ಚೊಕ್ಕ. ‘ಸಾಹೇಬರು ಬಂದಿರಬೇಕು, ಕಾರು ನಿಂತಿದೆ’ ಎಂಬ ಊಹೆಗೆ ‘ಮಸ್ಟ್ ಹ್ಯಾವ್ ಕಮ್’. ‘ಬರಬೇಕಿತ್ತು, ಪತ್ತೆಯಿಲ್ಲ’ ಎಂಬ ಗೊಣಗಾಟಕ್ಕೆ ‘ಶುಡ್ ಹ್ಯಾವ್ ಕಮ್’. ಸಾಹೇಬರು ಒಬ್ಬರೇ ಇದ್ದರೂ ಅಲ್ಲಿ ಹ್ಯಾವ್, ಹ್ಯಾಸ್ ಅಲ್ಲ, ಹ್ಯಾಡ್ ಅಂತೂ ಅಲ್ಲವೇ ಅಲ್ಲ. ನಾಚಿಕೆಪಡಬೇಕಾಗಿಲ್ಲ; ಇಂಗ್ಲಿಷನ್ನು ತೊಟ್ಟಿಲಲ್ಲೇ ಕಲಿತವರೂ ಕಿವಿಗೆ ಬಿದ್ದಂತೆ ‘ಶುಡ್ ಆಫ್’ ಎಂದು ಬರೆಯುತ್ತಾರೆ.

ಓಡಿ ಹೋಗಿ ಬಸ್ ಹಿಡಿದವರು ‘ಐ ಕುಡ್ ಕ್ಯಾಚ್ ದ ಬಸ್ ಯೆಸ್ಟರ್‌ಡೇ’ ಎಂದರೆ, ಮನಸ್ಸು ಮಾಡಿದ್ದರೆ ಹಿಡಿಯಬಹುದಿತ್ತೇನೋ ಎಂಬ ವಾಸನೆ ಬರುತ್ತದೆ. ಒಂದು ಸಲ ಸಾಧಿಸಿದ ಕೆಲಸಕ್ಕೆ ‘ಮ್ಯಾನೇಜ್ಡ್ ಟು’ ಅಥವಾ ‘ವಾಸ್ ಏಬಲ್ ಟು’. ಬಸ್ ತಪ್ಪಿದ್ದರೆ ಮಾತ್ರ ‘ಕುಡ್ ನಾಟ್’ ಎಂದು ನಿಶ್ಚಿಂತೆಯಿಂದ ಹೇಳಬಹುದು.

ಇನ್ನು ನಮ್ಮ ಸರ್ಕ್ಯುಲರುಗಳ ಮುದ್ದಿನ ಪದ ವುಡ್. ‘ದ ಮೀಟಿಂಗ್ ವುಡ್ ಬಿ ಹೆಲ್ಡ್ ಆನ್ ಮಂಡೇ.’ ಬರೆದವರಿಗೆ ಇದು ವಿಲ್‌ಗಿಂತ ಇಸ್ತ್ರಿ ಮಾಡಿದ ಪದ. ಹೊರದೇಶದ ಸಹೋದ್ಯೋಗಿಗೆ ಕೇಳಿಸುವುದು ‘ಸೋಮವಾರ ಮೀಟಿಂಗ್ ನಡೆಯುತ್ತಿತ್ತು, ಆದರೆ…’ ಎಂದು. ಆ ‘ಆದರೆ’ಗಾಗಿ ಅವನು ಇ-ಮೇಲ್‌ನ ಕೊನೆಯವರೆಗೂ ಹುಡುಕುತ್ತಾನೆ. ನಡೆಯುವುದು ಖಚಿತವಿದ್ದರೆ ವಿಲ್ ಸಾಕು. ಕಾನೂನಿನವರಿಗೆ ಅದೂ ಸಾಲದು, ಶಲ್ ಬೇಕು. ಕನ್ನಡದ ಕಾಯಿದೆಗಳಲ್ಲಿ ಅದು ‘ಮಾಡತಕ್ಕದ್ದು’ ಎಂದು ಮೀಸೆ ತಿರುವುತ್ತದೆ. ಅಷ್ಟಾದರೂ ಶಲ್ ಎಂದರೆ ಕಡ್ಡಾಯವೋ ಅಲ್ಲವೋ ಎಂದು ವಕೀಲರು ಕೋರ್ಟಿನಲ್ಲಿ ವಾದಿಸುತ್ತಲೇ ಇರುತ್ತಾರೆ.

ಕ್ಯಾನ್ ಮತ್ತು ಮೇ ಜಗಳ ಮಾತ್ರ ಅನಗತ್ಯ. ಕ್ಯಾನ್‌ನ ಮೂಲಾರ್ಥ ‘ತಿಳಿ’; ನಮ್ಮ ‘ಬಲ್ಲೆ’ ತಿಳಿವಳಿಕೆಗೂ ಸಾಮರ್ಥ್ಯಕ್ಕೂ ಆಗುವಂತೆ. ಅನುಮತಿ ಕೇಳಲು ಇಂದು ಕ್ಯಾನ್ ಧಾರಾಳವಾಗಿ ನಡೆಯುತ್ತದೆ, ಮೇ ಒಂದು ಮಡಿ ಹೆಚ್ಚು ಅಷ್ಟೆ. ಆದರೂ ‘ಕ್ಯಾನ್ ಐ ಗೋ ಟು ಟಾಯ್ಲೆಟ್ ಮಿಸ್?’ ಎಂದ ಹುಡುಗನನ್ನು ನಿಲ್ಲಿಸಿ, ಸಾಮರ್ಥ್ಯ ಯಾವುದು, ಅನುಮತಿ ಯಾವುದು ಎಂದು ಬೋರ್ಡಿನ ಮೇಲೆ ಬರೆದು ವಿವರಿಸುವವರಿದ್ದಾರೆ. ವಿವರಣೆ ಮುಗಿಯುವ ಹೊತ್ತಿಗೆ ಹುಡುಗ ಮೇ ದಾಟಿ ಮಸ್ಟ್‌ಗೆ ಬಂದಿರುತ್ತಾನೆ.