ಮಾರ್ಗಿಟ್ ಮತ್ತು ಮೈಲುತುತ್ತ

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ಬೆಂಗಳೂರಿಗೆ ಹೋಗುವಾಗ ಪ್ಲೇಸ್ಟೇಷನ್ ಇಲ್ಲೇ ಬಿಟ್ಟುಹೋದ. "ಮಾವ, ಮಳೆಗಾಲದಲ್ಲಿ ಬೇಜಾರಾದ್ರೆ ಆಡು." ಹೊಸನಗರ ಕಡೆಯ ಮಳೆಗಾಲದಲ್ಲಿ ಬೇಜಾರು ಎರಡನೇ ವಾರಕ್ಕೇ ಶುರುವಾಗುತ್ತದೆ. ಹಾಗೆ ನಾನು 2022ರಲ್ಲಿ ಬಂದ ಎಲ್ಡನ್ ರಿಂಗ್ ಎಂಬ ಆಟಕ್ಕೆ ಬಿದ್ದೆ.

ಅಕ್ಷರಶಃ ಬಿದ್ದೆ. ಸ್ಟಾರ್ಮ್‌ವೇಲ್ ಕೋಟೆಯ ದಾರಿಯಲ್ಲಿ ಮಾರ್ಗಿಟ್ ಎಂಬ ಕೋಡಿನ ಮುದುಕ ಕಾಯುತ್ತಾನೆ. ಕೈಯಲ್ಲೊಂದು ಊರುಗೋಲು. ನಮ್ಮಜ್ಜನ ಹಾಗೆ ಬಗ್ಗಿ ನಡೀತಾನಲ್ಲ, ಇವನೇನು ಮಾಡಿಯಾನು ಎಂದು ಸಸಾರ ಮಾಡಿದೆ. ಮೊದಲ ಸಂಜೆ ಹದಿನೆಂಟು ಸಲ ಸತ್ತೆ.

ಈ ಆಟವನ್ನು ನಡುವೆ ನಿಲ್ಲಿಸಲು ಬರುವುದಿಲ್ಲ. "ಹಾಲು ಉಕ್ತದೆ, ಸ್ವಲ್ಪ ನೋಡೋ" ಎಂದು ಅಮ್ಮ ಕೂಗಿದರೆ ಒಂದೋ ಹಾಲು ಹೋಗಬೇಕು, ಇಲ್ಲ ನಾನು ಹೋಗಬೇಕು. ಆ ವಾರ ಎರಡೂ ಹೋದವು.

ಸಿಗ್ನಲ್ ಸಿಕ್ಕಿದ ಗುಡ್ಡದ ಮೇಲೆ ಕೊಡೆ ಹಿಡಿದು ನಿಂತು, ಕಾಲಿಗೆ ಹತ್ತಿದ ಇಂಬಳ ಕೀಳುತ್ತಾ ಅಳಿಯನಿಗೆ ಫೋನ್ ಮಾಡಿದೆ. ವಿಗರ್ ಏರಿಸಿಕೋ, ಆಯಸ್ಸು ಹೆಚ್ಚುತ್ತದೆ ಎಂದ. ಗಂಟೆ ಬಾರಿಸಿದರೆ ಮೂರು ತೋಳಗಳು ಸಹಾಯಕ್ಕೆ ಬರುತ್ತವೆ ಎಂದ. (ನಮ್ಮ ಮನೆ ನಾಯಿ ತೋಟಕ್ಕೆ ಮಂಗ ಬಂದರೂ ಏಳುವುದಿಲ್ಲ.) ಪ್ಯಾಚಸ್ ಎಂಬ ಬೋಳುತಲೆಯವನ ಹತ್ತಿರ ಒಂದು ಸಂಕೋಲೆ ಸಿಗುತ್ತದೆ, ಅದು ಮಾರ್ಗಿಟ್‌ನನ್ನು ನೆಲಕ್ಕೆ ಕೆಡವುತ್ತದೆ, ಆದರೆ ಎರಡೇ ಸಲ. ಬೆಲೆ 5000 ರೂನ್, ಅದು ಆಟದೊಳಗಿನ ದುಡ್ಡು. ಗುಹೆಯಲ್ಲಿ ಆ ಪ್ಯಾಚಸ್ ಮೊದಲು ನನಗೇ ಹೊಡೆದ, ಸೋತ ಮೇಲೆ ಕೈಮುಗಿದು ಅಂಗಡಿ ತೆರೆದ. ಅಡಿಕೆ ವ್ಯಾಪಾರ ಮಾಡಿ ಗೊತ್ತಿದ್ದ ನನಗೆ ಇದೇನೂ ಹೊಸದೆನಿಸಲಿಲ್ಲ.

ಸಂಕೋಲೆ ಕೆಲಸ ಮಾಡಿತು. ಮಾರ್ಗಿಟ್ ನೆಲಕ್ಕಂಟಿಕೊಂಡ. ನಾನು ಗಾಬರಿಯಲ್ಲಿ ಹೊಡೆಯುವುದು ಬಿಟ್ಟು ಎರಡೂ ಸಲ ಜೀವ ತುಂಬುವ ಕೆಂಪು ಕಷಾಯ ಕುಡಿದೆ. ಆಮೇಲೆ ಕುಡಿಯಹೋದರೆ ಅವನು ಚಿನ್ನದ ಚೂರಿ ಎಸೆಯುತ್ತಾನೆ. ಮನೆಗೆ ಬಂದವರಿಗೆ ನಾವೇ ಕಷಾಯ ಕೊಡುವ ಊರಿನವನಿಗೆ ಇದು ತೀರಾ ಅಮರ್ಯಾದೆ ಅನ್ನಿಸಿತು.

ಪುನರ್ವಸು ಮಳೆ ಹಿಡಿದಿತ್ತು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಮದ್ದು ಹೊಡೆಯಲು ಬಂದ, ಮರ ಹತ್ತುವ ಕೊನೆಗೌಡರು ಮಳೆ ಬಿಡುವ ಹೊಳವಿಗೆ ಕಾಯುತ್ತಾ ಜಗಲಿಯಲ್ಲಿ ಕವಳ ಹಾಕಿಕೊಂಡು ಕೂತಿದ್ದರು. ಕಿಟಕಿಯಿಂದ ನನ್ನ ನಾಲ್ಕು ಸಾವು ನೋಡಿದರು. ಐದನೆಯದಕ್ಕೆ ತಡೆಯಲಿಲ್ಲ.

"ಭಟ್ರೇ, ಅಂವ ಕೋಲು ಎತ್ತಿದ ಕೂಡ್ಲೆ ನೀವ್ಯಾಕೆ ಉರುಳ್ತೀರಿ?"

"ಮತ್ತೆ? ಹೊಡೆಸ್ಕೊಳ್ಲಾ?"

"ಎತ್ತಿ ಹಿಡ್ಕಂಡೇ ನಿಲ್ತಾನಲ್ರೀ. ನೀವು ಉರುಳಿ ಎದ್ದ ಮೇಲೇ ಹೊಡೆಯೋದು. ನಾವು ಮರದಿಂದ ಮರಕ್ಕೆ ಹಾಯ್ವಾಗ ಗಾಳಿ ಬಂತು ಅಂತ ಹಾರ್ತೀವಾ? ಮರ ಪೂರ್ತಿ ಬಾಗಿ ಹತ್ರ ಬರ್ಬೇಕು."

ಅಲ್ಲಿಯವರೆಗೆ ನಾನು ಕೋಲು ನೋಡಿ ಹೆದರುತ್ತಿದ್ದೆ, ಕೈ ನೋಡಿಯೇ ಇರಲಿಲ್ಲ. ಕೈ ಕೆಳಗಿಳಿಯುವ ಗಳಿಗೆಗೆ, ಹಿಂದಕ್ಕಲ್ಲ, ಅವನ ಕಡೆಗೇ ಉರುಳಿದೆ. ಕೋಲು ನನ್ನ ಬೆನ್ನ ಹಿಂದೆ ಬಿತ್ತು! ಎರಡೇಟು ಕೊಟ್ಟು ಸರಿದೆ. ಮೂರನೇ ಏಟಿನ ಆಸೆಗೆ ಬಿದ್ದಾಗಲೆಲ್ಲ ಸತ್ತೆ, ಅದು ಬೇರೆ. ಸಂಜೆಯ ಹೊತ್ತಿಗೆ ಅವನ ಜೀವ ಅರ್ಧವಾಯಿತು, ಅವನು ಬೆಳಕಿನ ಸುತ್ತಿಗೆ ತೆಗೆದ. ಎಲ್ಲೋ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಇನ್ವರ್ಟರ್ ನಮ್ಮಲ್ಲಿ ಬಲ್ಬಿಗೆ ಮಾತ್ರ.

ಮೂರು ದಿನದ ಮೇಲೆ ಕರೆಂಟು ಬಂತು. ಆ ಬೆಳಿಗ್ಗೆ ಕೈ ಕೂಡಿ ಬಂದಿತ್ತು. ತೋಳಗಳು ಸತ್ತರೂ ನಾನು ಬದುಕಿದ್ದೆ. ಮಾರ್ಗಿಟ್‌ನ ಜೀವ ಕೂದಲೆಳೆಯಷ್ಟು ಉಳಿದಿತ್ತು. ಅವನು ಸುತ್ತಿಗೆ ಎತ್ತಿ ನಿಂತ. ನಾನೂ ಉಸಿರು ಹಿಡಿದು ಕಾದೆ.

"ಭಟ್ರೇ! ಹೊಳವಾತು!" ಅಂಗಳದಿಂದ ಕೂಗು. ಮದ್ದಿಗೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ತಲೆಗೆ ಬಂದು, ಕತ್ತು ತಾನಾಗಿ ಬಾಗಿಲ ಕಡೆ ತಿರುಗಿತು.

ಸುತ್ತಿಗೆಯ ಸದ್ದು ಜಗಲಿಗೂ ಕೇಳಿರಬೇಕು. ಕೊನೆಗೌಡರು ಕಿಟಕಿಯಲ್ಲಿ ಇಣುಕಿದರು.

"ಸತ್ರಾ? ಹೆಂಗೂ ಮತ್ತೆ ಎದ್ದು ಬರ್ತೀರಲ್ಲ, ಬರುವಾಗ ಸುಣ್ಣದ ಚೀಲ ತಗಂಬನ್ನಿ."