ಓಪನ್ ಆಗವಲ್ದ್ರೀ!

"ಸರ್ರ, ನೀವ್ ಕಳಿಸಿದ್ದು ಓಪನ್ ಆಗವಲ್ದ್ರೀ" ಎಂದು ಫೋನ್ ಬಂದರೆ ಬಹಳ ಮಂದಿ ಅದೇ ಫೈಲನ್ನು ಮತ್ತೊಮ್ಮೆ ಕಳಿಸುತ್ತಾರೆ. ಆಮೇಲೆ ವಾಟ್ಸಾಪಿಗೂ ಹಾಕುತ್ತಾರೆ. ಈಗ ಫೈಲ್ ಮೂರು ಕಡೆ ಇದೆ, ಎಲ್ಲಿಯೂ ತೆರೆಯುವುದಿಲ್ಲ. ಮೊದಲು ಕೇಳಬೇಕಾದದ್ದು: "ಸ್ಕ್ರೀನ್ ಮ್ಯಾಲ ಏನ ಕಾಣಾಕತ್ತೈತ್ರಿ?"

"ಇಂಗ್ಲಿಷ್ ಅಕ್ಷರಕ್ಕ ಟೊಪಗಿ ಹಾಕಿದಂಗ ಐತ್ರಿ" ಎಂದರೆ ಅದು ಕನ್ನಡ ಟೈಪಿಂಗಿನ ಹಳೆಯ ನುಡಿ ಫಾಂಟಿನ ಕೈವಾಡ. ಬೆಳಗಾವಿಯ ಲಗ್ನಪತ್ರಿಕೆಯಲ್ಲಿ ಈ ಪೀಡೆ ಜೋಡಿಯಾಗಿಯೂ ಬರುವುದುಂಟು: ಒಂದು ಮಗ್ಗುಲಿಗೆ ನುಡಿಯ ಕನ್ನಡ, ಇನ್ನೊಂದಕ್ಕೆ ಶ್ರೀಲಿಪಿಯ ಮರಾಠಿ. ಈ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ನಮ್ಮ ಕಾಗುಣಿತದ ತುಂಡುಗಳನ್ನು ಕೂರಿಸಿರುತ್ತವೆ. ಆ ಫಾಂಟ್ ಇಲ್ಲದ ಬಾಗಲಕೋಟೆಯ ಬೀಗರ ಕಂಪ್ಯೂಟರಿನಲ್ಲಿ ಜಾಗದ ಮೂಲ ಮಾಲೀಕರೇ ಹಾಜರಾಗುತ್ತಾರೆ. "ಫಾಂಟೂ ಕಳಿಸ್ತೀನಿ ತಡೀರಿ" ಎನ್ನುವುದು ಉದಾರತೆ, ಉಪಾಯವಲ್ಲ; ಬೀಗರು ನೋಡುವುದು ಫೋನಿನಲ್ಲಿ. ವರ್ಡ್ ಆದರೆ ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆರಿಸಿ, ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ. ಪ್ರೆಸ್ಸಿನವರಿಗೆ ಅವರ ವಿನ್ಯಾಸದ ತಂತ್ರಾಂಶ ಕೋರೆಲ್‌ಡ್ರಾದ ಫೈಲೇ ಬೇಕೆಂದರೆ ಅಕ್ಷರಗಳನ್ನು ಆಯ್ದು, ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿ. ಸೇವ್ ಮಾಡುವಾಗ ‘ವರ್ಷನ್’ ಪಟ್ಟಿಯಲ್ಲಿ ಅವರ ಹತ್ತಿರ ಇರುವ ಹಳೆಯದನ್ನೇ ಆರಿಸಿ. ಹೊಸದರಲ್ಲಿ ಉಳಿಸಿದ್ದು ಹಳೆಯದಕ್ಕೆ ತಿಳಿಯುವುದಿಲ್ಲ. ಕರ್ವ್ ಆದಮೇಲೆ ಅಕ್ಷರ ಬರೀ ಆಕಾರ, ತಿದ್ದಲು ಬರುವುದಿಲ್ಲ. ಸೋದರಮಾವನ ಹೆಸರು ಬಿಟ್ಟುಹೋದದ್ದು ಸರಿಯಾಗಿ ಆಗಲೇ ನೆನಪಾಗುವುದು. ಕರ್ವ್ ಮಾಡದ ಪ್ರತಿ ಒಂದಿರಲಿ. ಎಲ್ಲ ಕಂಪ್ಯೂಟರಿಗೂ ಫೋನಿಗೂ ತಿಳಿಯುವ ಯೂನಿಕೋಡಿಗೆ ಪರಿವರ್ತಿಸಿದ್ದರೆ ಅರ್ಕಾವತ್ತಿನ ಪದಗಳನ್ನು ಮತ್ತೆ ಓದಿ, ನಡುವೆ ಬಂದ ಇಂಗ್ಲಿಷನ್ನೂ. ಪರಿವರ್ತಕ ಅದನ್ನೂ ಕನ್ನಡ ಮಾಡಿಬಿಡುತ್ತದೆ; ಗಡಿನಾಡಿನಲ್ಲಿ ಅದರಷ್ಟು ಕಟ್ಟಾ ಕನ್ನಡಾಭಿಮಾನಿ ಇನ್ನೊಬ್ಬರಿಲ್ಲ.

"ವಿನ್‌ಮೇಲ್ ಡಾಟ್ ಡ್ಯಾಟ್ ಅಂತ ಬಂದೈತ್ರಿ" ಎಂದರೆ ತಪ್ಪು ಕಳಿಸಿದವರ ಮೇಲ್ ತಂತ್ರಾಂಶ ಔಟ್‌ಲುಕ್‌ನದು. ರಿಚ್ ಟೆಕ್ಸ್ಟ್ ರೂಪದ ಮೇಲನ್ನು ಅದು ಲಗತ್ತುಗಳ ಸಮೇತ ತನ್ನದೇ ರೀತಿಯಲ್ಲಿ ಗಂಟು ಕಟ್ಟುತ್ತದೆ, ಬೇರೆಯವರಿಗೆ ಬಿಚ್ಚಲು ಬರುವುದಿಲ್ಲ. ಫೈಲ್, ಆಪ್ಷನ್ಸ್, ಮೇಲ್ ಎಂದು ಹೋಗಿ ಬರೆಯುವ ರೂಪವನ್ನು ಎಚ್‌ಟಿಎಂಎಲ್ ಮಾಡಿ, ಆಮೇಲೆ ಹೊಸ ಮೇಲ್ ಬರೆಯಿರಿ.

ಫೈಲ್ ಹೆಸರಿನ ಬಾಲ, ಅಂದರೆ ಕೊನೆಯ ಚುಕ್ಕೆಯ ನಂತರದ್ದನ್ನು, ಅಳಿಸಿ ‘ಪಿಡಿಎಫ್’ ಎಂದು ಬರೆದು ಕಳಿಸುವ ಜಾಣರೂ ಇದ್ದಾರೆ. ಅಂಥ ಅನುಮಾನ ಬಂದರೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಸಾಲು ನೋಡಿ. ಶೇಕಡಾ ಚಿಹ್ನೆ, ಪಕ್ಕದಲ್ಲೇ ಪಿಡಿಎಫ್ ಎಂದಿದ್ದರೆ ಅಸಲಿ. ಪಿ, ಕೆ ಎಂಬ ಅಕ್ಷರಗಳಿಂದ ಶುರುವಾದರೆ ಜಿಪ್, ಇಲ್ಲವೇ ವರ್ಡ್, ಎಕ್ಸೆಲ್ ಫೈಲ್. ಆಫೀಸ್ 2007ರಿಂದ ಅವೂ ಒಳಗೆ ಜಿಪ್ಪೇ. ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ. ಸೇವ್ ಮಾಡಿದಿರೋ, ಅಲ್ಲಿಯತನಕ ಸರಿಯಿದ್ದದ್ದೂ ಕೆಡುತ್ತದೆ.

ಇ-ಆಧಾರ್ ಪಾಸ್‌ವರ್ಡ್ ಕೇಳಿದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಹಿಂದೆಯೇ ಹುಟ್ಟಿದ ಇಸವಿ. ಮಾಮಾನ ಆಧಾರಿಗೆ ಮಾಮಾನ ಹೆಸರೇ ಬೇಕು, ಮೇಲ್ ಮಾಡಿದ ಅಳಿಯನದಲ್ಲ.

ಜಿಮೇಲ್‌ನಲ್ಲಿ 25 ಎಂಬಿ ದಾಟಿದ್ದು ಡ್ರೈವ್ ಲಿಂಕಾಗಿ ಹೋಗುತ್ತದೆ. ಅನುಮತಿ ‘ಎನಿವನ್ ವಿತ್ ದ ಲಿಂಕ್’ ಎಂದಿಲ್ಲದಿದ್ದರೆ ಆ ಕಡೆಯವರಿಗೆ ಕಾಣುವುದು ಅನುಮತಿ ಕೇಳುವ ಬಟನ್ ಮಾತ್ರ. ಅವರು ಒತ್ತುತ್ತಾರೆ, ಕೋರಿಕೆ ನಿಮ್ಮ ಮೇಲಿಗೇ ಬರುತ್ತದೆ, ನೀವು ಫೋನಿನಲ್ಲಿ "ಕಳಿಸೇನಲ್ರೀ!" ಎಂದು ವಾದಿಸುತ್ತಿರುತ್ತೀರಿ. ಕಳಿಸುವ ಮೊದಲು ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒತ್ತಿ, ನಿಮ್ಮ ಲಾಗಿನ್ ಇಲ್ಲದ ಇನ್‌ಕಾಗ್ನಿಟೊ ಕಿಟಕಿ ತೆರೆದು ಆ ಲಿಂಕ್ ಹಾಕಿ ನೋಡಿ. ಅಲ್ಲಿ ಲಾಗಿನ್ ಕೇಳಿದರೆ ವಿಜಯಪುರದಲ್ಲೂ ಕೇಳುತ್ತದೆ.